ಮೇಷ್ಟ್ರಿಗೆ ಕೊಟ್ಟ ಸಿಡಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಬೇರೆಯವರ ಭಾಷಣಗಳನ್ನು ವಿಡಿಯೋ ಮಾಡಿ, ಉದ್ದವಾದರೆ ಕತ್ತರಿಸಿ ಜೀವನ ಮಾಡಿದವನು ನಾನು. ಹಾಗೆ ಕತ್ತರಿಸಿದ ಒಂದು ಭಾಷಣದ ವಿಷಯವನ್ನೇ ಇವತ್ತು ಹೇಳಬೇಕಾಗಿದೆ.

2003ರಲ್ಲಿ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ನಿವೃತ್ತರಾದರು. ಹೆಸರು ಹೇಳುವುದಿಲ್ಲ; ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು ಇಲ್ಲಿ ಬೇಕಾದಷ್ಟು ಜನ ಕೂತಿದ್ದೀರಿ. ಆ ವರ್ಷದ ವಾರ್ಷಿಕೋತ್ಸವದಲ್ಲೇ ಅವರ ಬೀಳ್ಕೊಡುಗೆಯೂ ನಡೆಯಿತು. ಚಿಕ್ಕಮಗಳೂರಿನಲ್ಲಿ ಒಂದು ಸಣ್ಣ ಕೋಣೆ ಹಿಡಿದು ಮದುವೆ ವಿಡಿಯೋ ಮಾಡುತ್ತಿದ್ದ ನಾನು ಕ್ಯಾಮೆರಾ ತಂದು ಮೂರು ಗಂಟೆಯ ಕಾರ್ಯಕ್ರಮ ತುಂಬಿಸಿಕೊಂಡು ಹೋದೆ. ನಲವತ್ತು ಮನೆಯವರು ಸಿಡಿ ಬೇಕೆಂದು ಹೆಸರು ಬರೆಸಿದ್ದರು.

ಈಗಿನ ಮಕ್ಕಳಿಗೆ ಇದು ಅರ್ಥವಾಗುವುದು ಕಷ್ಟ. ಆಗ ಮೂರು ಗಂಟೆಯ ಟೇಪು ಕಂಪ್ಯೂಟರಿಗೆ ಇಳಿಯಲು ಮೂರು ಗಂಟೆಯೇ ಬೇಕು. ಆಮೇಲೆ ಅದನ್ನು ವಿಸಿಡಿಗೆ ಬೇಕಾದ ಎಂಪೆಗ್-1 ರೂಪಕ್ಕೆ ಕನ್ವರ್ಟ್ ಮಾಡಲು ರಾತ್ರಿಯಿಡೀ ಮಿಷನ್ ಓಡಬೇಕು. ಬೆಳಗಿನ ಜಾವ ನಾಲ್ಕಕ್ಕೆ ಕರೆಂಟ್ ಹೋಯಿತೋ, ಮತ್ತೆ ಮೊದಲಿನಿಂದ. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಗುತ್ತಿತ್ತು. ವಿಸಿಡಿಯ ಲೆಕ್ಕವೂ ಬಿಗಿ: ಚಿತ್ರ 352 ಅಡ್ಡ, 288 ಉದ್ದ, ಸೆಕೆಂಡಿಗೆ 25 ಫ್ರೇಮು. ನಿಮಿಷಕ್ಕೆ ಹೆಚ್ಚುಕಮ್ಮಿ 10 ಎಂಬಿ. 700 ಎಂಬಿ ಎಂದು ಬರೆದಿರುವ ಸಿಡಿಯಲ್ಲಿ 80 ನಿಮಿಷ ಹಿಡಿಯುತ್ತದೆ, ಅದಕ್ಕಿಂತ ಒಂದು ಹಾಡೂ ಹೆಚ್ಚಿಗೆ ಹಿಡಿಯುವುದಿಲ್ಲ.

ಎರಡು ಸಿಡಿಗೆ ದರ ಹೇಳಿ ಮುಂಗಡ ತೆಗೆದುಕೊಂಡಿದ್ದೆ. ಎರಡರಲ್ಲಿ ಹಿಡಿಯುವುದು 160 ನಿಮಿಷ, ನನ್ನ ಹತ್ತಿರ ಇದ್ದದ್ದು 180. ಯಾವುದನ್ನು ಬಿಡುವುದು? ಮಕ್ಕಳ ಡ್ಯಾನ್ಸ್ ಬಿಟ್ಟರೆ ತಂದೆ ತಾಯಿ ಬಿಡುತ್ತಾರೆಯೇ? ವೀರಗಾಸೆ ಬಿಡಲು ನನಗೇ ಮನಸ್ಸಿಲ್ಲ. ಮೇಷ್ಟ್ರ ಭಾಷಣ ಸರಿಯಾಗಿ 22 ನಿಮಿಷ ಇತ್ತು. ಅದರಲ್ಲೂ ಅರ್ಧದಲ್ಲಿ ಕರೆಂಟ್ ಹೋಗಿ ಪರದೆಯೆಲ್ಲ ಕಪ್ಪು. ಭಾಷಣ ಯಾರು ನೋಡುತ್ತಾರೆ ಎಂದುಕೊಂಡು ತೆಗೆದುಬಿಟ್ಟೆ. ಯಾರೂ ಕೇಳಲಿಲ್ಲ. ಎಲ್ಲರೂ ತಮ್ಮ ಮಗು ಬರುವ ಜಾಗಕ್ಕೆ ಓಡಿಸಿ ನೋಡಿಕೊಂಡರು. ಮುಂದಿನ ತಿಂಗಳು ಅದೇ ಟೇಪಿನ ಮೇಲೆ ಆಲ್ದೂರು ಕಡೆಯ ಒಂದು ಮದುವೆ ತುಂಬಿಸಿದೆ. ಟೇಪಿಗೆ ದುಡ್ಡು ಬೇಕಲ್ಲ.

ಮನಸ್ಸು ಕುಟುಕುತ್ತಿತ್ತು. ಹಾಗಾಗಿ ಟೇಪು ಅಳಿಸುವ ಮುಂಚೆ, ಭಾಷಣ ಒಂದನ್ನೇ ಬೇರೆ ಸಿಡಿಗೆ ಹಾಕಿ ಮೇಷ್ಟ್ರ ಮನೆಗೆ ಹೋಗಿ ಕೊಟ್ಟು ಬಂದಿದ್ದೆ. ನಾವು ಬಳಸುತ್ತಿದ್ದ ಸಾಫ್ಟ್‌ವೇರಿನ ಹೆಸರು ನೀರೋ ಬರ್ನಿಂಗ್ ರೋಮ್. ಉರಿಯುವ ಕೊಲೋಸಿಯಂ ಅದರ ಗುರುತು. ರೋಮ್ ಉರಿಯುವಾಗ ನೀರೋ ಪಿಟೀಲು ಬಾರಿಸಿದ ಕಥೆ ನಮಗೆ ಹೇಳಿದ್ದು ಇದೇ ಮೇಷ್ಟ್ರು. ಅವರಿಗೆ ಅದನ್ನು ಹೇಳಿದಾಗ ಬಹಳ ನಕ್ಕರು.

ಆಮೇಲೆ ಎಷ್ಟೋ ಸಲ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಾರೆ. “ಸಿಡಿ ಚೆನ್ನಾಗಿ ಬಂದಿದೆಯಾ ಮೇಷ್ಟ್ರೇ?” ಎಂದರೆ “ಚೆನ್ನಾಗಿದೆ ಕಣಪ್ಪಾ” ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ, ಕಳೆದ ಮಳೆಗಾಲದಲ್ಲಿ, ಅವರ ಮಗಳು ಆ ಸಿಡಿ ತಂದುಕೊಟ್ಟರು. ಪುಸ್ತಕದ ಬೀರುವಿನಲ್ಲಿ ಕವರಿನೊಳಗೇ ಇತ್ತಂತೆ. “ಅಪ್ಪ ಅವತ್ತೇ ಪ್ಲೇಯರ್‌ಗೆ ಹಾಕಿದರು, ನೋ ಡಿಸ್ಕ್ ಅಂತ ಬಂತು. ಹುಡುಗ ಕಷ್ಟಪಟ್ಟು ಮಾಡಿಕೊಟ್ಟಿದ್ದಾನೆ, ಅವನಿಗೆ ಹೇಳಬೇಡಿ ಅಂದರು. ಈಗಲಾದರೂ ಆಗುತ್ತದಾ ನೋಡಿ ಅಣ್ಣಾ” ಎಂದರು.

ಅಂಗಡಿಯಲ್ಲಿ ಉಳಿದಿದ್ದ ಹಳೇ ಕಂಪ್ಯೂಟರಿಗೆ ಹಾಕಿದೆ. ಒಂದು ಫೈಲು ಕಂಡಿತು. ಆಗ ನಾನು ಏನು ಮಾಡಿದ್ದೆ ಎನ್ನುವುದು ಗೊತ್ತಾಯಿತು. ನೀರೋದಲ್ಲಿ ‘ವಿಡಿಯೋ ಸಿಡಿ’ ಎನ್ನುವುದನ್ನು ಒತ್ತುವ ಬದಲು ‘ಡೇಟಾ ಸಿಡಿ’ ಒತ್ತಿದ್ದೆ. ವಿಸಿಡಿ ಎಂದರೆ ಸುಮ್ಮನೆ ಫೈಲು ತುಂಬಿದ ಸಿಡಿ ಅಲ್ಲ. ಅದಕ್ಕೆ ಗೊತ್ತಾದ ಫೋಲ್ಡರ್‌ಗಳು, ಗೊತ್ತಾದ ಹೆಸರು, ಪ್ರತ್ಯೇಕ ಟ್ರ್ಯಾಕು ಇರಬೇಕು. ಇಲ್ಲದಿದ್ದರೆ ಆ ಕಾಲದ ಎಷ್ಟೋ ಪ್ಲೇಯರ್‌ಗಳು ಮುಖ ತಿರುಗಿಸುತ್ತಿದ್ದವು. ಕಂಪ್ಯೂಟರಿನಲ್ಲಿ ಓಡಿತು ಎಂದು ಕೊಟ್ಟುಬಿಟ್ಟಿದ್ದೆ. ಟಿವಿಗೆ ಹಾಕಿ ನೋಡಿರಲಿಲ್ಲ. ಮೇಷ್ಟ್ರು ತಮ್ಮ ಬೀಳ್ಕೊಡುಗೆಯನ್ನು ಒಂದು ಸಲವೂ ನೋಡಲಿಲ್ಲ.

ಇನ್ನೊಂದು ಮಾತಿದೆ. ಆ ನಲವತ್ತು ಮನೆಗಳ ಸಿಡಿಗಳಲ್ಲಿ ಈ ಸಂಚಿಕೆಯ ಕೆಲಸಕ್ಕೆಂದು ನನ್ನ ಕೈಗೆ ಬಂದವು ಒಂಬತ್ತು. ಏಳು ಓದುವುದೇ ಇಲ್ಲ, ಇಲ್ಲವೇ ಚಿತ್ರ ಚೂರುಚೂರಾಗಿ ನಿಲ್ಲುತ್ತದೆ. ಮಲೆನಾಡಿನ ತೇವ, ಗೀರು, ಅವಸರದಲ್ಲಿ 52 ಎಕ್ಸ್ ವೇಗದಲ್ಲಿ ಬರ್ನ್ ಮಾಡಿದ್ದು, ಎಲ್ಲವೂ ಸೇರಿದೆ. ಮೇಷ್ಟ್ರ ಸಿಡಿ ಮಾತ್ರ ಪೂರ್ತಿ ಓದಿತು. ಪ್ಲೇಯರ್ ಮತ್ತೆ ಮತ್ತೆ ತಿರುಗಿಸದೆ ಗೀರಿಲ್ಲದೆ ಉಳಿದದ್ದು ಒಂದು ಕಾರಣ. ಇನ್ನೊಂದು ಕಾರಣ ನನ್ನ ತಪ್ಪೇ. ವಿಸಿಡಿಯಲ್ಲಿ ಹೆಚ್ಚು ನಿಮಿಷ ಹಿಡಿಸಲು ತಪ್ಪು ತಿದ್ದುವ ಬೈಟುಗಳಲ್ಲಿ ಒಂದು ಪಾಲನ್ನು ಬಿಟ್ಟುಬಿಡುತ್ತಾರೆ. ಒಂದು ಸೆಕ್ಟರಿನಲ್ಲಿ 2324 ಬೈಟು ವಿಡಿಯೋ ತುಂಬುತ್ತಾರೆ. ಡೇಟಾ ಸಿಡಿಯಲ್ಲಿ 2048 ಮಾತ್ರ, ಉಳಿದ ಜಾಗ ಕೆಟ್ಟದ್ದನ್ನು ತಿದ್ದಿಕೊಳ್ಳಲು. ಮೇಷ್ಟ್ರು ನೋಡಲಾಗದಂತೆ ಮಾಡಿದ್ದೂ ಉಳಿಸಿದ್ದೂ ಒಂದೇ ಬಟನ್ನು. ಇದರಿಂದ ನನಗೆ ಸಮಾಧಾನವಾಗಿದೆ ಎಂದು ಹೇಳಲಾರೆ.

ನಿಮ್ಮ ಮನೆಗಳಲ್ಲಿ ಮದುವೆ, ನಾಮಕರಣ, ಜಾತ್ರೆಯ ಸಿಡಿಗಳಿದ್ದರೆ ಕಾಗೆ ಬೆದರಿಸಲು ಗದ್ದೆಗೆ ಕಟ್ಟುವ ಮುಂಚೆ ತನ್ನಿ. ಅಕ್ಷರ ಇರುವ ಮೇಲ್ಭಾಗವನ್ನು ಕೆರೆಯಬೇಡಿ, ಚಿತ್ರ ಇರುವ ಪದರ ಅಲ್ಲೇ ಕೆಳಗಿದೆ. ವಿಸಿಡಿಯಾದರೆ ‘ಎಂಪೆಗ್‌ಎವಿ’ ಫೋಲ್ಡರಿನ ‘ಡ್ಯಾಟ್’ ಫೈಲು, ಡಿವಿಡಿಯಾದರೆ ‘ವಿಡಿಯೋ ಟಿಎಸ್’ ಫೋಲ್ಡರು ಪೂರ್ತಿ ಕಾಪಿ ಮಾಡಿಕೊಳ್ಳಬೇಕು. ಈಗಿನ ಟಿವಿಗೆ ಬೇಕಾದ ಎಂಪಿ4 ಆಮೇಲೆ ಮಾಡಿಕೊಳ್ಳಬಹುದು, ಮೂಲವನ್ನು ಅಳಿಸಬೇಡಿ. ನನ್ನ ಹಳೇ ಡ್ರೈವ್ ಇರುವಷ್ಟು ದಿನ ದುಡ್ಡು ತೆಗೆದುಕೊಳ್ಳುವುದಿಲ್ಲ.

ಆ ಭಾಷಣದಲ್ಲಿ ಮೇಷ್ಟ್ರು ಉಪದೇಶ ಏನೂ ಮಾಡಿಲ್ಲ. ತಾವು ಇಲ್ಲಿ ಮೊದಲು ಪಾಠ ಮಾಡಿದ ತರಗತಿಯ ಹಾಜರಿಯನ್ನು ಚೀಟಿ ಇಲ್ಲದೆ ಕರೆಯುತ್ತಾರೆ. ಪ್ರತಿ ಹೆಸರಿಗೂ ಊರು, ಮನೆ, ಈಗ ಎಲ್ಲಿದ್ದಾರೆ ಎನ್ನುವುದು. ಆ ಹೆಸರಿನವರು ಕೆಲವರು ಇವತ್ತು ಇಲ್ಲಿ ಇದ್ದೀರಿ, ಕೆಲವರು ಇಲ್ಲ.

ಊಟ ಆದ ಮೇಲೆ ಹತ್ತನೇ ತರಗತಿ ಕೋಣೆಯಲ್ಲಿ ಅದನ್ನು ಹಾಕುತ್ತೇವೆ. ಹದಿನಾಲ್ಕನೇ ಹೆಸರಿಗೆ ಕರೆಂಟ್ ಹೋಗುತ್ತದೆ. ಕ್ಯಾಮೆರಾ ಬ್ಯಾಟರಿಯಲ್ಲಿತ್ತು, ಮೇಷ್ಟ್ರು ನಿಲ್ಲಿಸಲಿಲ್ಲ. ಪರದೆ ಕಪ್ಪಾಯಿತೆಂದು ಎದ್ದು ಹೋಗಬೇಡಿ, ಧ್ವನಿ ಇದೆ.