ಲಾರಿಗೂ ಒಂದು ಚರಿತ್ರೆ ಉಂಟು

(ಹಳೆಯ ವಾಹನಗಳ ಆಸಕ್ತರ ಸಣ್ಣ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಹಳೆಯ ಕಾರುಗಳ ಮೆರವಣಿಗೆಯನ್ನು ನೀವೆಲ್ಲ ನೋಡಿದ್ದೀರಿ. ಹಿತ್ತಾಳೆ ದೀಪ ಹೊಳೆಯಿಸಿಕೊಂಡು, ಮೆರುಗೆಣ್ಣೆ ಹಚ್ಚಿಸಿಕೊಂಡು, ರಾಜರ ಲಾಯದಿಂದ ಬಂದ ಕುದುರೆಗಳ ಹಾಗೆ ಅವು ಸಾಲಾಗಿ ಬರುತ್ತವೆ. ಮರುದಿನ ಪತ್ರಿಕೆಯಲ್ಲಿ ಚಿತ್ರವೂ ಬರುತ್ತದೆ. ಆ ಸಾಲಿನಲ್ಲಿ ಒಂದು ಲಾರಿಯನ್ನು ಕಂಡವರು ನಿಮ್ಮಲ್ಲಿ ಎಷ್ಟು ಮಂದಿ? ಕಂಡಿದ್ದರೂ ಬಹಳ ಅಪರೂಪ.

ಕಳೆದ ವರ್ಷ ಹೆದ್ದಾರಿ ಬದಿಯ ಗುಜರಿ ಅಂಗಡಿಯೊಂದರ ಮುಂದೆ ನಾನು ನಿಂತಿದ್ದೆ. ಗ್ಯಾಸ್ ಕಟರ್ ಹಿಡಿದ ಹುಡುಗ ಮೂಗು ಚಾಚಿಕೊಂಡ ಹಳೆಯ ಟಾಟಾ ಲಾರಿಯೊಂದರ ಚಾಸಿಯನ್ನು ಕತ್ತರಿಸುತ್ತಿದ್ದ. ಬಾನೆಟ್ಟಿನ ಮೇಲೆ ಮೂರು ಕವಲಿನ ನಕ್ಷತ್ರದ ಗುರುತು ಇದ್ದ ಜಾಗದಲ್ಲಿ ಒಂದು ತೂತು ಮಾತ್ರ ಉಳಿದಿತ್ತು. 'ಎಷ್ಟು ವರ್ಷದ ಗಾಡಿ?' ಎಂದು ಅಂಗಡಿಯವರನ್ನು ಕೇಳಿದೆ. 'ವರ್ಷ ಯಾರು ನೋಡ್ತಾರೆ ಸಾರ್, ತೂಕ ನೋಡೋದು' ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕಾರಿಗೆ ವರ್ಷ, ಲಾರಿಗೆ ತೂಕ ಎಂಬ ಈ ಲೆಕ್ಕ ಎಲ್ಲಿಂದ ಬಂತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹುಟ್ಟಿದ್ದು ಕಾರಿನ ಬೆನ್ನಿಗೇ

ಲಾರಿ ವಯಸ್ಸಿನಲ್ಲಿ ಕಾರಿಗಿಂತ ಹೆಚ್ಚು ಕಿರಿಯದೇನಲ್ಲ. ಮೋಟಾರು ಕಾರು ಹುಟ್ಟಿದ ಹತ್ತೇ ವರ್ಷಗಳಲ್ಲಿ, ಅಂದರೆ 1896ರಲ್ಲಿ, ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮೊದಲ ಮೋಟಾರು ಲಾರಿಯನ್ನು ತಯಾರಿಸಿದ. ಎರಡು ಸಿಲಿಂಡರು, ನಾಲ್ಕು ಅಶ್ವಶಕ್ತಿ, ಒಂದೂವರೆ ಟನ್ ಹೊರೆ. ನೋಡಲು ಕುದುರೆ ಬಿಚ್ಚಿದ ಸಾರೋಟಿನ ಹಾಗೆಯೇ ಇತ್ತು. ಅದೇ ವರ್ಷ ಇಂಗ್ಲೆಂಡಿನ ಲ್ಯಾಂಕಶೈರಿನ ಲೇಲ್ಯಾಂಡ್ ಎಂಬ ಊರಿನಲ್ಲಿ ಉಗಿಯಿಂದ ಓಡುವ ಸರಕು ಬಂಡಿಗಳ ಕಂಪನಿಯೊಂದು ಶುರುವಾಯಿತು. ಮುಂದೆ ಅದು ತನ್ನ ಊರಿನ ಹೆಸರನ್ನೇ ಇಟ್ಟುಕೊಂಡಿತು. ಒಂದು ಊರಿನ ಹೆಸರು ನಮ್ಮ ಘಟ್ಟದ ರಸ್ತೆಗಳಲ್ಲಿ ಎಲ್ಲರ ಬಾಯಲ್ಲಿ ಓಡಾಡುವ ಹಾಗಾದದ್ದು ಹೀಗೆ. 'ಲಾರಿ' ಎಂಬ ಪದ ಮಾತ್ರ ಇವೆರಡಕ್ಕಿಂತಲೂ ಹಳೆಯದು. ಪಕ್ಕದ ಗೋಡೆಗಳಿಲ್ಲದ ತಗ್ಗು ಬಂಡಿಗೆ, ರೈಲು ಹಳಿಯ ಮೇಲಿನ ಬಂಡಿಗೆ, ಇಂಗ್ಲೆಂಡಿನಲ್ಲಿ ಹಾಗೆನ್ನುತ್ತಿದ್ದರು.

ಲಾರಿಯ ಮೇಲೆ ಜಗತ್ತಿಗೆ ನಂಬಿಕೆ ಬಂದದ್ದು ಮೊದಲನೆಯ ಮಹಾಯುದ್ಧದಲ್ಲಿ. ಲೇಲ್ಯಾಂಡ್ ಕಂಪನಿಯೊಂದೇ ಬ್ರಿಟಿಷ್ ಸೇನೆಗೆ ಸುಮಾರು 6 ಸಾವಿರ ಲಾರಿಗಳನ್ನು ಕೊಟ್ಟಿತು. ಯುದ್ಧ ಮುಗಿದಾಗ, ಹಳೆಯ ಲಾರಿಗಳು ಮಾರುಕಟ್ಟೆಗೆ ಬಿದ್ದು ತನ್ನ ಹೆಸರು ಕೆಟ್ಟೀತು ಎಂಬ ಭಯದಿಂದ, ಕಂಪನಿಯೇ ಅವುಗಳಲ್ಲಿ ಬಹಳಷ್ಟನ್ನು ಮರಳಿ ಕೊಂಡು ದುರಸ್ತಿ ಮಾಡಿ ಮಾರಿತು. ಆ ಕಾಲದ ಲೇಲ್ಯಾಂಡುಗಳು ಬ್ರಿಟನ್ನಿನಲ್ಲಿ ಇಂದಿಗೂ ಕೆಲವು ಉಳಿದಿವೆ, ಓಡುತ್ತವೆ.

ಅವು ಉಳಿದದ್ದು ಸರ್ಕಾರದಿಂದಲ್ಲ, ಹುಚ್ಚು ಹಿಡಿದ ಕೆಲವರಿಂದ. ಸರಕು ವಾಹನಗಳನ್ನು ಉಳಿಸುವುದಕ್ಕೆಂದೇ 1958ರಲ್ಲಿ ಅಲ್ಲಿ ಒಂದು ಸಂಘ ಹುಟ್ಟಿತು. 1962ರಿಂದ ಲಂಡನ್ನಿನಿಂದ ಬ್ರೈಟನ್ನಿಗೆ ಹಳೆಯ ಲಾರಿ, ಬಸ್ಸುಗಳ ಓಟ ನಡೆಸಿದರು. 1983ರಲ್ಲಿ ಲೇಲ್ಯಾಂಡ್ ಊರಿನಲ್ಲೇ ಸರಕು ವಾಹನಗಳ ಸಂಗ್ರಹಾಲಯ ತೆರೆಯಿತು. ಅಮೆರಿಕದಲ್ಲೂ 1971ರಿಂದ ಲಾರಿ ಚರಿತ್ರೆಯ ಸಂಘವೊಂದಿದೆ. ಸದಸ್ಯರಲ್ಲಿ ಶ್ರೀಮಂತರು ಮಾತ್ರವಲ್ಲ, ನಿವೃತ್ತ ಡ್ರೈವರುಗಳು, ಮೆಕ್ಯಾನಿಕ್ಕುಗಳು, ಅಪ್ಪನ ಲಾರಿಯನ್ನು ಹುಡುಕಿಕೊಂಡು ಹೊರಟ ಮಕ್ಕಳೂ ಇದ್ದಾರೆ.

ಮೈಸೂರಿಗೆ ಬರಬೇಕಾಗಿದ್ದ ಕಾರ್ಖಾನೆ

ಇನ್ನು ನಮ್ಮ ಕಡೆಗೆ ಬರೋಣ. ಸ್ವಾತಂತ್ರ್ಯಪೂರ್ವದಲ್ಲಿ ಇಲ್ಲಿ ಓಡುತ್ತಿದ್ದುದು ಹೆಚ್ಚಾಗಿ ಫೋರ್ಡ್, ಷೆವ್ರೊಲೆ, ಡಾಡ್ಜ್, ಫಾರ್ಗೊ, ಬೆಡ್‌ಫರ್ಡ್‌ಗಳು. ಎಲ್ಲ ಪೆಟ್ರೋಲಿನವು. ಫೋರ್ಡ್ 1926ರಲ್ಲೂ ಜನರಲ್ ಮೋಟಾರ್ಸ್ 1928ರಲ್ಲೂ ಭಾರತಕ್ಕೆ ಬಂದವು. ಆದರೆ ಅವು ಮಾಡುತ್ತಿದ್ದುದು ಹಡಗಿನಲ್ಲಿ ಬಂದ ಬಿಡಿಭಾಗಗಳನ್ನು ಕೂಡಿಸುವ ಕೆಲಸ.

ಇಲ್ಲಿಯೇ ತಯಾರಿಸಬೇಕೆಂದು ಮೊದಲು ಪಟ್ಟು ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯುರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಬರೆದರು. ಮುಂಬಯಿಯಲ್ಲಿ ಪ್ರಯತ್ನ ಫಲಿಸಲಿಲ್ಲ. ಆಮೇಲೆ ವಾಲ್‌ಚಂದ್ ಹೀರಾಚಂದರೊಡನೆ ಸೇರಿ ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಮಾತಾಯಿತು. ಮೈಸೂರು ಸರ್ಕಾರ ಬೆಂಬಲ ಕೊಡಲು ಮುಂದಾಯಿತು, ಬ್ರಿಟಿಷರ ಭಾರತ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು. ಅವರ ಮೋಟಾರು ಕಾರ್ಖಾನೆ ಕೊನೆಗೆ ಮುಂಬಯಿಯ ಪಾಲಾಗಿ, ಅಲ್ಲಿಂದ ಡಾಡ್ಜ್, ಫಾರ್ಗೊ ಲಾರಿಗಳು ಬಂದವು. ನಮಗೆ ವಿಮಾನ ಸಿಕ್ಕಿತು, ಲಾರಿ ತಪ್ಪಿತು.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸು, ಲಾರಿಗಳ ಹಿಂದೆ ಇದ್ದಿಲಿನ ಒಲೆಗಳು ಕುಳಿತವು. ತತ್ವ ಸರಳ. ಇದ್ದಿಲಿಗೆ ಸಾಕಷ್ಟು ಗಾಳಿ ಕೊಡದೆ ಉರಿಸಿದರೆ ಇಂಗಾಲದ ಮೊನಾಕ್ಸೈಡ್ ಎಂಬ ಉರಿಯುವ ಅನಿಲ ಬರುತ್ತದೆ. ಅದನ್ನು ಸೋಸಿ, ತಣಿಸಿ ಎಂಜಿನ್ನಿಗೆ ಕೊಡುವುದು. ಪೆಟ್ರೋಲಿನ ಶಕ್ತಿ ಅದರಲ್ಲಿ ಎಲ್ಲಿ ಬರಬೇಕು? ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಕೆಲವೊಮ್ಮೆ ತಳ್ಳಲೂಬೇಕು. ಬೆಳಗಿನ ಜಾವ ಎದ್ದು ಒಲೆಗೆ ಗಾಳಿ ಹಾಕುವ ಕೆಲಸ ಕ್ಲೀನರಿನದು. ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಆದರೂ ಯುದ್ಧಕಾಲದಲ್ಲಿ ಎಷ್ಟೋ ಊರುಗಳ ಸಂತೆಗೆ ಸಾಮಾನು ಬಂದದ್ದು ಅಂಥವರ ಕೈಯಿಂದ.

ಯುದ್ಧ ಮುಗಿದಾಗ ಬರ್ಮಾ ಗಡಿಗೆಂದು ಬಂದಿದ್ದ ಅಮೆರಿಕದ, ಕೆನಡದ ಸೇನಾ ಲಾರಿಗಳು ವಿಲೇವಾರಿಗೆ ಬಂದವು. ಅಸ್ಸಾಮಿನ ಲೆಡೊದಿಂದ 1945ರ ಜನವರಿ 12ರಂದು ಹೊರಟು ಫೆಬ್ರುವರಿ 4ರಂದು ಚೀನಾದ ಕುನ್ಮಿಂಗ್ ತಲುಪಿದ ಮೊದಲ ಲಾರಿ ಸಾಲಿನ ಕಥೆಯನ್ನು ಯುದ್ಧದ ಪುಸ್ತಕಗಳು ಹೇಳುತ್ತವೆ. ಅಂಥವೇ ಲಾರಿಗಳು ಆಮೇಲೆ ಹರಾಜಿನಲ್ಲಿ ಬಿಕರಿಯಾಗಿ, ಹಸಿರು ಬಣ್ಣ ಕಳಚಿ, ಕಾಡಿನ ಮರದ ದಿಮ್ಮಿ ಹೊತ್ತ ಕಥೆಯನ್ನು ಯಾರೂ ಬರೆದಿಡಲಿಲ್ಲ.

ಟಾಟಾ ಮತ್ತು ಲೇಲ್ಯಾಂಡ್

ಸ್ವತಂತ್ರ ಭಾರತದಲ್ಲಿ ಸರ್ಕಾರ ಒಂದು ನಿರ್ಧಾರಕ್ಕೆ ಬಂತು. ಬಿಡಿಭಾಗ ಕೂಡಿಸುವವರಿಗೆ ಜಾಗವಿಲ್ಲ, ಇಲ್ಲಿಯೇ ತಯಾರಿಸುವವರಿಗೆ ಮಾತ್ರ ಅವಕಾಶ. 1950ರ ದಶಕದ ಮಧ್ಯದ ಹೊತ್ತಿಗೆ ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಬಾಗಿಲು ಹಾಕಿದವು. ರೈಲು ಎಂಜಿನ್ ಮಾಡಲೆಂದು 1945ರಲ್ಲಿ ಜಮ್‌ಶೆಡ್‌ಪುರದಲ್ಲಿ ಆರಂಭವಾಗಿದ್ದ ಟೆಲ್ಕೊ, 1954ರಲ್ಲಿ ಡೈಮ್ಲರ್-ಬೆಂಜ್ ಜತೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಅದೇ ವರ್ಷ ಲಾರಿ ಹೊರತಂದಿತು. ಗುಂಡು ಮೂಗಿನ ಆ ಲಾರಿಯ ಒಳಗೆ ಆರು ಸಿಲಿಂಡರಿನ, ಸುಮಾರು 4.6 ಲೀಟರಿನ ಡೀಸೆಲ್ ಎಂಜಿನ್. ಚಳಿಗಾಲದ ಬೆಳಿಗ್ಗೆ ಹೀಟರ್ ಹಾಕಿ, ಸ್ವಲ್ಪ ಕಾದು, ಆಮೇಲೆ ಸ್ಟಾರ್ಟ್ ಮಾಡಬೇಕು. 1969ರಲ್ಲಿ ಒಪ್ಪಂದ ಮುಗಿಯಿತು, ಬಾನೆಟ್ಟಿನ ನಕ್ಷತ್ರ ಹೋಗಿ 'ಟಿ' ಅಕ್ಷರ ಬಂತು. ಹೀಗಾಗಿ ಮೂತಿಯ ಗುರುತು ನೋಡಿಯೇ ಲಾರಿಯ ಕಾಲವನ್ನು ಅಂದಾಜು ಮಾಡಬಹುದು, ಶಾಸನದ ಲಿಪಿ ನೋಡಿ ಶತಮಾನ ಹೇಳುವ ಹಾಗೆ.

ಇತ್ತ ಮದರಾಸಿನ ಎಣ್ಣೂರಿನಲ್ಲಿ ರಘುನಂದನ ಶರಣ್ ಎಂಬುವರು 1948ರಲ್ಲಿ ಅಶೋಕ್ ಮೋಟಾರ್ಸ್ ಆರಂಭಿಸಿದ್ದರು. ಅಶೋಕ್ ಎಂಬುದು ಅವರ ಮಗನ ಹೆಸರು. ಆಸ್ಟಿನ್ ಕಾರು ಕೂಡಿಸುತ್ತಿದ್ದ ಅವರಿಗೆ ದೇಶಕ್ಕೆ ಬೇಕಾಗಿರುವುದು ಕಾರಲ್ಲ, ಲಾರಿ ಎಂದು ಮನವರಿಕೆಯಾಗಿ ಲೇಲ್ಯಾಂಡಿನೊಡನೆ ಮಾತುಕತೆ ನಡೆಸಿದರು. ಫಲ ಪೂರ್ತಿ ನೋಡುವ ಭಾಗ್ಯ ಅವರಿಗಿರಲಿಲ್ಲ. ವಿಮಾನ ಅಪಘಾತದಲ್ಲಿ ತೀರಿಕೊಂಡರು. 1955ರಲ್ಲಿ ಕಂಪನಿ ಅಶೋಕ್ ಲೇಲ್ಯಾಂಡ್ ಆಯಿತು. ಅದರ 'ಕಾಮೆಟ್' ನಮ್ಮ ರಸ್ತೆಗಳನ್ನು ದಶಕಗಳ ಕಾಲ ಆಳಿತು. 'ಹಿಪ್ಪೊ', 'ಬೀವರ್' ಎಂಬ ಪ್ರಾಣಿಗಳ ಹೆಸರಿನ ಲಾರಿಗಳೂ ಬಂದವು. ಇದು ಲೇಲ್ಯಾಂಡಿನ ಹಳೆಯ ರೂಢಿ. ಇಂಗ್ಲೆಂಡಿನಲ್ಲಿ ಎಂಟು ಚಕ್ರದ ಲಾರಿಗೆ ಅವರು 'ಆಕ್ಟೋಪಸ್' ಎಂದೇ ಹೆಸರಿಟ್ಟಿದ್ದರು. ವಿಚಿತ್ರವೆಂದರೆ, ಲೇಲ್ಯಾಂಡ್ ಊರಿನ ಕಾರ್ಖಾನೆಯಿಂದ ಇಂದು ಹೊರಡುವ ಲಾರಿಗಳ ಮೇಲೆ ಡ್ಯಾಫ್ ಎಂಬ ಹೆಸರಿದೆ. ಆ ಊರಿನ ಹೆಸರನ್ನು ಹಣೆಯ ಮೇಲೆ ಹೊತ್ತು ತಿರುಗುತ್ತಿರುವುದು ನಮ್ಮ ಲಾರಿಗಳು.

ಇವಕ್ಕೆ ಮೂರನೆಯದಾಗಿ ಜಬಲ್ಪುರದ 'ಶಕ್ತಿಮಾನ್' ಅನ್ನು ಸೇರಿಸಬೇಕು. ಜರ್ಮನಿಯ ಮಾನ್ ಕಂಪನಿಯ ವಿನ್ಯಾಸದಂತೆ 1959ರಿಂದ ತಯಾರಾದ ಈ ಲಾರಿ 1965 ಮತ್ತು 1971ರ ಯುದ್ಧಗಳಲ್ಲಿ ನಮ್ಮ ಸೈನ್ಯದ ಹೊರೆ ಹೊತ್ತಿತು.

ಅಸಲು ಯಾವುದು?

ಈಗ ಒಂದು ಸೂಕ್ಷ್ಮ ವಿಷಯ. ಹಳೆಯ ಕಾರಿನ ಬೆಲೆ ನಿರ್ಧಾರವಾಗುವುದು ಅದು ಎಷ್ಟು ಅಸಲಾಗಿ ಉಳಿದಿದೆ ಎಂಬುದರ ಮೇಲೆ. ಲಾರಿಯಲ್ಲಿ ಅಸಲು ಯಾವುದು? ಕಾರ್ಖಾನೆ ಕೊಡುತ್ತಿದ್ದುದು ಎಂಜಿನ್, ಚಾಸಿ, ಮುಂದಿನ ಮುಖ, ಒಂದು ಸ್ಟೇರಿಂಗು, ಅಷ್ಟೆ. ನಾನು ಹುಡುಗನಾಗಿದ್ದಾಗ ಹೆದ್ದಾರಿಯಲ್ಲಿ ಹೊಸ ಚಾಸಿಗಳ ಸಾಲು ಹೋಗುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಮೇಲೆ ಸೂರಿಲ್ಲ, ಮುಂದೆ ಗಾಜಿಲ್ಲ. ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಮರದ ಪೆಟ್ಟಿಗೆಯ ಮೇಲೆ ಕುಳಿತ ಡ್ರೈವರುಗಳು ಬಿಸಿಲು ಮಳೆಯೆನ್ನದೆ ಸಾವಿರಾರು ಮೈಲಿ ಓಡಿಸಿಕೊಂಡು ಬರುತ್ತಿದ್ದರು. ಆಮೇಲೆ ಅದಕ್ಕೆ ಕ್ಯಾಬಿನ್ನು, ತೊಟ್ಟಿ ಕಟ್ಟುತ್ತಿದ್ದವರು ಊರಿನ ಬಡಗಿಗಳು, ಕಮ್ಮಾರರು. ಹೂವು, ನವಿಲು, ಮನೆದೇವರ ಹೆಸರು ಬರೆಯುತ್ತಿದ್ದವರು ಊರಿನ ಪೇಂಟರುಗಳು. ಹೀಗೆ ಒಂದೇ ಕಾರ್ಖಾನೆಯ ಎರಡು ಲಾರಿಗಳು ಎರಡು ಊರಿನಲ್ಲಿ ಎರಡು ರೂಪ ಪಡೆಯುತ್ತಿದ್ದವು.

ರೂಪ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಪೆಟ್ರೋಲು ದುಬಾರಿಯಾದಾಗ ಡಾಡ್ಜ್, ಬೆಡ್‌ಫರ್ಡ್‌ಗಳ ಎಂಜಿನ್ ತೆಗೆದು, ಮದರಾಸಿನ ಸಿಂಪ್ಸನ್ ಕಂಪನಿ 1950ರ ದಶಕದಲ್ಲಿ ಇಲ್ಲಿ ತಯಾರಿಸತೊಡಗಿದ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸಿದರು. ಕಮಾನು ಪಟ್ಟಿ ಮುರಿದರೆ ಇನ್ನೆರಡು ಹೆಚ್ಚಿಗೆ ಹಾಕಿದರು. ಮರ ಲಡ್ಡಾದರೆ ಬಾಡಿಯನ್ನೇ ಬದಲಿಸಿದರು. ಲಾರಿಯಲ್ಲಿ ಬದಲಾವಣೆ ಎಂಬುದು ಕಳಂಕವಲ್ಲ, ಅದೇ ಅದರ ಚರಿತ್ರೆ.

ಕಾನೂನು ಏನೆನ್ನುತ್ತದೆ

ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ 'ವಿಎ' ಅಕ್ಷರಗಳ ವಿಶೇಷ ಸಂಖ್ಯೆ. ಹೊಸದಾಗಿ ನೋಂದಾಯಿಸಲು 20 ಸಾವಿರ ರೂಪಾಯಿ ಶುಲ್ಕ. ಒಳ್ಳೆಯ ಕೆಲಸವೇ. ಆದರೆ ಇದು ಅನ್ವಯಿಸುವುದು ದ್ವಿಚಕ್ರ ವಾಹನಗಳಿಗೆ ಮತ್ತು ಸ್ವಂತ ಬಳಕೆಯ ಕಾರುಗಳಿಗೆ ಮಾತ್ರ. ಸರಕು ವಾಹನದ ಮಾತೇ ಅದರಲ್ಲಿಲ್ಲ. ಅಂದರೆ ಸಾಹುಕಾರರ ಕಾರು ಐವತ್ತು ವರ್ಷ ದಾಟಿದರೆ ಪರಂಪರೆ, ಅವರ ಮಿಲ್ಲಿಗೆ ಹತ್ತಿ ತಂದ ಲಾರಿ ಐವತ್ತು ದಾಟಿದರೆ ಗುಜರಿ. ಇದರ ಜತೆಗೆ, 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವುದಿಲ್ಲ. ಇಲಾಖೆಗಳ ಅಂಗಳದಲ್ಲಿ ಹುಲ್ಲು ಬೆಳೆದುಕೊಂಡು ನಿಂತ ಹಳೆಯ ಲಾರಿಗಳ ಕೊನೆಯ ತಲೆಮಾರು ಹೀಗೆ ಕಬ್ಬಿಣದ ಲೆಕ್ಕಕ್ಕೆ ಹೋಗುತ್ತಿದೆ.

ತಪ್ಪು ತಿಳಿಯಬೇಡಿ. ಹೊಗೆ ಉಗುಳುವ, ಬ್ರೇಕು ಹಿಡಿಯದ ಲಾರಿಗಳನ್ನು ಬಾಡಿಗೆಗೆ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಅವು ರಸ್ತೆ ಬಿಡಬೇಕಾದದ್ದೇ. 'ಹಳೆಯ ಲಾರಿಯಲ್ಲಿ ಏನು ಸುಖವಿತ್ತು?' ಎಂದು ಒಬ್ಬ ವೃದ್ಧ ಡ್ರೈವರು ನನ್ನನ್ನು ಕೇಳಿದ್ದರು. 'ಎಂಜಿನ್ ಕಾವಿಗೆ ಎಡಗಾಲು ಬೇಯುತ್ತಿತ್ತು. ಆಗುಂಬೆಯ ಹದಿನಾಲ್ಕು ತಿರುವು ಇಳಿಸುವುದರೊಳಗೆ ರಟ್ಟೆ ಬಿದ್ದುಹೋಗುತ್ತಿತ್ತು.' ಅವರು ಹೇಳಿದ್ದು ನಿಜ. ಹೊಸ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂಬ ಅಧಿಸೂಚನೆ ಹೊರಬಿದ್ದದ್ದು 2023ರಲ್ಲಿ. ಅಲ್ಲಿಯವರೆಗಿನ ಬೇಗೆ ಎಂಥದಿತ್ತೆಂದು ಮುಂದಿನವರಿಗೆ ತಿಳಿಯಬೇಕಾದರೆ ಅಂಥ ಒಂದು ಕ್ಯಾಬಿನ್ನಾದರೂ ಉಳಿಯಬೇಡವೆ? ಕಷ್ಟದ ನೆನಪೂ ಚರಿತ್ರೆಯೇ.

ಹಾಗಾದರೆ ಏನು ಮಾಡಬಹುದು? ಸರಕು ವಾಹನಗಳನ್ನೂ ಪ್ರದರ್ಶನಕ್ಕಷ್ಟೇ ಎಂಬ ಷರತ್ತಿನೊಡನೆ ನಿಯಮದೊಳಗೆ ತರಬೇಕೆಂದು ಕೇಳಬಹುದು. ಇಲಾಖೆಗಳು ಹರಾಜು ಹಾಕುವ ಮುನ್ನ ಮಾದರಿಗೊಂದರಂತೆ ತೆಗೆದಿಡಿ ಎನ್ನಬಹುದು. ಇದಕ್ಕೆಲ್ಲ ಕಾಲ ಹಿಡಿದೀತು. ಆದರೆ ಖರ್ಚಿಲ್ಲದೆ ಇಂದೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಆರ್.ಸಿ. ಪುಸ್ತಕ, ಪರ್ಮಿಟ್ಟು, 'ಎಂ.ವೈ.' ಅಕ್ಷರದ ನಂಬರು ಕಾಣುವ ಫೋಟೊ ಇದ್ದರೆ ಅದನ್ನು ಎಸೆಯಬೇಡಿ. ಲಾರಿ ಮುಂದೆ ನಿಂತ ಅಜ್ಜನ ಚಿತ್ರದ ಹಿಂದೆ ಊರು, ವರ್ಷ ಬರೆದಿಡಿ. ಬಾಡಿ ಕಟ್ಟಿದ ಬಡಗಿ, ಘಟ್ಟ ಇಳಿಸಿದ ಡ್ರೈವರು ಇನ್ನೂ ಇದ್ದರೆ ಪಕ್ಕದಲ್ಲಿ ಕುಳಿತು ಮಾತನಾಡಿಸಿ, ಬರೆದುಕೊಳ್ಳಿ. ಕಬ್ಬಿಣವಾದರೂ ಕೆಲವು ಕಾಲ ತುಕ್ಕು ಹಿಡಿದುಕೊಂಡು ನಿಂತೀತು. ಮನುಷ್ಯರ ನೆನಪಿಗೆ ಅಷ್ಟೂ ವ್ಯವಧಾನವಿಲ್ಲ.

ಆ ದಿನ ಗುಜರಿ ಅಂಗಡಿಯವರು ಆ ಲಾರಿಯ ಚಾಸಿ ನಂಬರಿನ ತಗಡನ್ನು ನನಗೆ ಪುಕ್ಕಟೆಯಾಗಿ ಕೊಟ್ಟರು. ತೂಕಕ್ಕೆ ಅದು ಏನೂ ಅಲ್ಲವೆಂದರು. ಅದನ್ನೇ ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಹೋಗುವಾಗ ಒಮ್ಮೆ ನೋಡಿಕೊಂಡು ಹೋಗಿ.