ಕಾನೂನು ಕೇಳದಿದ್ದರೂ ಕೊಡುವವರು

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲೂಕುಗಳ ವರ್ತಕರನ್ನುದ್ದೇಶಿಸಿ ಮಾಡಿದ ಭಾಷಣ)



2013ರ ಕಂಪೆನಿ ಕಾಯ್ದೆಯ 135ನೇ ಕಲಮು ಸಾಮಾಜಿಕ ಹೊಣೆಗಾರಿಕೆಯನ್ನು ಕಡ್ಡಾಯಗೊಳಿಸಿತು. ಆದರೆ ಯಾರಿಗೆ? 500 ಕೋಟಿ ರೂಪಾಯಿಯ ನಿವ್ವಳ ಸಂಪತ್ತು, ಇಲ್ಲವೇ 1000 ಕೋಟಿಯ ವಹಿವಾಟು, ಇಲ್ಲವೇ 5 ಕೋಟಿಯ ನಿವ್ವಳ ಲಾಭವುಳ್ಳ ಕಂಪೆನಿಗಳಿಗೆ. ಅವು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. ಚನ್ನಗಿರಿಯ ಅಡಿಕೆ ವ್ಯಾಪಾರಿ, ಹೊನ್ನಾಳಿಯ ಅಕ್ಕಿ ಗಿರಣಿಯ ಮಾಲಕ, ನ್ಯಾಮತಿಯ ಗೊಬ್ಬರದಂಗಡಿಯವರು, ಜಗಳೂರಿನ ಮೆಕ್ಕೆಜೋಳದ ವರ್ತಕರು ಈ ಪರಿಧಿಯೊಳಗೆ ಬರುವುದು ತೀರಾ ವಿರಳ. ಹೆಚ್ಚಿನವರದು ಕಂಪೆನಿಯೇ ಅಲ್ಲ, ಕುಟುಂಬದ ವ್ಯವಹಾರ.

ಹಾಗಿದ್ದೂ ಶಾಲೆಯ ಕೊಠಡಿಗೆ ಸಿಮೆಂಟು, ಬೇಸಿಗೆಯ ಅರವಟಿಗೆ, ಬಡ ಹುಡುಗಿಯ ಕಾಲೇಜು ಶುಲ್ಕ ಎಂದಾಗ ಜನರು ಮೊದಲು ತಟ್ಟುವುದು ಇವರ ಬಾಗಿಲನ್ನೇ. ಇವರೇಕೆ ಕೊಡುತ್ತಾರೆ?

ದೊಡ್ಡ ಕಂಪೆನಿಗೆ ಗ್ರಾಹಕನೆಂದರೆ ಒಂದು ಅಂಕಿ. ಸಣ್ಣ ಊರಿನಲ್ಲಿ ಅವನು ನೆರೆಯವನು. ಮದುವೆಯಲ್ಲೂ ಮಯ್ಯತ್ತಿನಲ್ಲೂ ಮುಖ ನೋಡಲೇಬೇಕಾದವನು. ಜಗಳೂರಿನಂತಹ ಬರದ ಸೀಮೆಯಲ್ಲಿ ಮಳೆ ಕೈಕೊಟ್ಟರೆ ರೈತನೊಂದಿಗೆ ಅಂಗಡಿಯ ಉದ್ರಿ ಪುಸ್ತಕವೂ ಮುಳುಗುತ್ತದೆ. ಆ ವರ್ಷ ಬಾಕಿಗಾಗಿ ಪೀಡಿಸದ ವರ್ತಕನ ಬಳಿಗೇ ರೈತ ಮುಂದಿನ ಹಂಗಾಮಿನ ಮಾಲನ್ನು ತರುತ್ತಾನೆ. ಇದು ಬರೀ ಲೆಕ್ಕಾಚಾರವೆಂದು ಹೀಗಳೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲಾಭದ ಆಸೆಯೂ ಮರುಕವೂ ಒಂದೇ ಎದೆಯಲ್ಲಿರಲು ಸಾಧ್ಯ. ನಂಬಿಕೆಯೇ ಬಂಡವಾಳವಾಗಿರುವ ಪೇಟೆಯಲ್ಲಿ ಅವೆರಡನ್ನು ಬೇರ್ಪಡಿಸುವುದಾದರೂ ಹೇಗೆ?

ಆದರೆ ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ನೀರಿನ ತೊಟ್ಟಿಯ ಮೇಲೆ ಮಾಲಕನ ಹೆಸರು ದೊಡ್ಡದಾಗಿ ರಾರಾಜಿಸುತ್ತಿರುತ್ತದೆ. ಅವನ ಗೋದಾಮಿನಲ್ಲಿ ಮೂಟೆ ಹೊರುವ ಹಮಾಲಿಯ ಕೂಲಿ ಬಾಕಿಯಿರುತ್ತದೆ. ಅಡಿಕೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿಯಿಟ್ಟು, ಅದೇ ಹೊಗೆ ಕುಡಿದ ಮಕ್ಕಳಿಗೆ ನೋಟುಪುಸ್ತಕ ಹಂಚಿದರೆ ಅದನ್ನು ಏನೆಂದು ಕರೆಯೋಣ? ಸ್ವಂತ ನೌಕರರ ಅನುಕೂಲಕ್ಕಷ್ಟೇ ಮಾಡಿದ ಖರ್ಚನ್ನು ಕಂಪೆನಿ ಕಾಯ್ದೆಯ ನಿಯಮಗಳು ಸಾಮಾಜಿಕ ಹೊಣೆಗಾರಿಕೆಯೆಂದು ಪರಿಗಣಿಸುವುದಿಲ್ಲ. ಅದು ಸರಿಯಾಗಿಯೇ ಇದೆ. ಏಕೆಂದರೆ ಅದು ಉಪಕಾರವಲ್ಲ, ಋಣ. ಝಕಾತನ್ನೂ ಈ ಖಾತೆಗೆ ಸೇರಿಸಿ ಬೀಗುವಂತಿಲ್ಲ. ಅದು ಬಡವನ ಹಕ್ಕು. ಕೂಲಿ ದುಡಿದವನ ಹಕ್ಕು. ಒಂದನ್ನು ಕೊಟ್ಟು ಇನ್ನೊಂದನ್ನು ತಡೆಹಿಡಿಯಲಾಗದು.

ಆದ್ದರಿಂದ ದೇಣಿಗೆಯ ಪಟ್ಟಿಗಿಂತ ಮೊದಲು ಸಂಬಳದ ಪಟ್ಟಿಯನ್ನು ತೆರೆದು ನೋಡೋಣ. 10 ಮಂದಿ ದುಡಿಯುತ್ತಿದ್ದರೆ ಇ.ಎಸ್.ಐ., 20 ಮಂದಿ ಇದ್ದರೆ ಭವಿಷ್ಯ ನಿಧಿಯ ಬಾಧ್ಯತೆ ಬರುತ್ತದೆ. ನಿಮ್ಮಲ್ಲಿ ಎಷ್ಟು ಮಂದಿಯ ಹೆಸರು ಅದರಲ್ಲಿದೆ?