ಕಾಯಕವನ್ನು ಮರಳಿ ಕೊಡುವ ದಾಸೋಹ



ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹೋಗುವವರಿಗೆ ಕೈಗಾರಿಕಾ ವಸಾಹತಿನ ಯಂತ್ರಗಳ ಸಪ್ಪಳವು ಕೇಳಿಸುವದು. ಅಲ್ಲಿ ಕಬ್ಬಿಣವನ್ನು ಕೊರೆಯುವವನೂ ಬೆಸೆಯುವವನೂ ತನ್ನ ಕೈಗಳಿಂದಲೇ ಮನೆಮಂದಿಯನ್ನು ಸಲಹುವನು. ಆ ಕೈಯೇ ಜಡವಾದರೆ ಅವನ ಗತಿಯೇನು? ಕುಷ್ಠರೋಗದಿಂದ ವಿಕಲರಾದವರ ಸಂಕಟವು ಇದೇ ಆಗಿರುವದು.

ಈ ರೋಗವು ಪೂರ್ವಜನ್ಮದ ಪಾಪಫಲವಲ್ಲ. ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯನು 1873ರಲ್ಲಿಯೇ ಇದರ ಸೂಕ್ಷ್ಮಾಣುವನ್ನು ಕಂಡುಹಿಡಿದನು. ಅದು ನರಗಳನ್ನು ಕೆಡಿಸಿ ಸ್ಪರ್ಶಜ್ಞಾನವನ್ನು ಅಪಹರಿಸುವದು. ಬೆರಳುಗಳು ತಾವಾಗಿಯೇ ಉದುರುವದಿಲ್ಲ; ಕಾದ ಪಾತ್ರೆಯು ಕೈ ಸುಟ್ಟರೂ, ಕಾಲಿಗೆ ಮುಳ್ಳು ನಟ್ಟರೂ ನೋವು ತಿಳಿಯದ ಕಾರಣ ಗಾಯವು ಬೆಳೆದು ಅಂಗವನ್ನು ಕುಂದಿಸುವದು. 1980ರ ದಶಕದಿಂದ ಬಳಕೆಗೆ ಬಂದ ಬಹು ಔಷಧ ಚಿಕಿತ್ಸೆಯಿಂದ ಆರು ಇಲ್ಲವೆ ಹನ್ನೆರಡು ತಿಂಗಳಲ್ಲಿ ರೋಗವು ಗುಣವಾಗುವದು. ಸರಕಾರಿ ದವಾಖಾನೆಗಳಲ್ಲಿ ಅದು ಉಚಿತವಾಗಿ ದೊರೆಯುವದು. ಆದರೆ ಬಹಳ ಕಾಲದ ಹಿಂದೆ ಹೋದ ಸ್ಪರ್ಶವು ಮರಳುವದು ದುರ್ಲಭ. ರೋಗವು ಹೋದರೂ ವೈಕಲ್ಯವು ಉಳಿಯುವದು; ಜನರ ಹೇಸಿಕೆಯೂ ಉಳಿಯುವದು.

ಬಡ ರೋಗಿಗಳನ್ನು ಹಿಡಿದು ಕೂಡಿಹಾಕಲು, ಸಾರ್ವಜನಿಕ ಬಾವಿ ಕೆರೆಗಳಿಂದ ದೂರವಿಡಲು ಅಧಿಕಾರವಿತ್ತಿದ್ದ 1898ರ ಕಾಯಿದೆಯು 2016ರಲ್ಲಿ ರದ್ದಾಯಿತು. ಅದೇ ವರ್ಷದ ವಿಕಲಾಂಗರ ಹಕ್ಕುಗಳ ಕಾಯಿದೆಯು ಕುಷ್ಠದಿಂದ ಗುಣಮುಖರಾದವರನ್ನೂ ತನ್ನ ಆಶ್ರಯದೊಳಗೆ ತೆಗೆದುಕೊಂಡಿತು. 2019ರಲ್ಲಿ ಈ ರೋಗದ ನೆವದಿಂದ ವಿವಾಹವಿಚ್ಛೇದನ ಮಾಡುವ ಆಸ್ಪದವೂ ತೊಲಗಿತು. ಆದರೆ ಕಾಯಿದೆಯು ತೆರೆದ ಬಾಗಿಲನ್ನು ನೆರೆಹೊರೆಯವರು ಮುಚ್ಚಿದರೆ ಫಲವೇನು?

ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ವೈದ್ಯರು 1940ರ ದಶಕದ ಕೊನೆಯಲ್ಲಿ ಮುದುಡಿದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸತೊಡಗಿದರು. ಕೈ ನೆಟ್ಟಗಾದವರಿಗೂ ಕೆಲಸ ಕೊಡುವವರಿಲ್ಲದ್ದನ್ನು ಕಂಡು, ಬಡಿಗತನ ಮೊದಲಾದ ಕಸುಬುಗಳನ್ನು ಅವರಿಗೆ ಕಲಿಸುವ ನೆಲೆಯನ್ನು ಏರ್ಪಡಿಸಿದರು. ಚಿಕಿತ್ಸೆಯ ಪೂರ್ಣತೆಯು ಕಾಯಕದಲ್ಲಿರುವದೆಂಬುದಕ್ಕೆ ಇದೇ ನಿದರ್ಶನ.

ಇದಕ್ಕೆ ಬೇಕಾದ ಸಾಧನಗಳು ಅಲ್ಪವಾದವು. ನಿತ್ಯವೂ ಕೈಕಾಲುಗಳನ್ನು ಪರೀಕ್ಷಿಸಿ, ನೀರಿನಲ್ಲಿ ನೆನೆಸಿ, ಎಣ್ಣೆ ಸವರಬೇಕು. ಕಾಲಿಗೆ ಮೆತ್ತನೆಯ ರಬ್ಬರಿನ ಪಾದರಕ್ಷೆ ಬೇಕು. ಹತ್ಯಾರಕ್ಕೆ ಕೈಗೊಪ್ಪುವ ದಪ್ಪ ಮರದ ಹಿಡಿ ಬೇಕು. ಎಲ್ಲಕ್ಕೂ ಮಿಗಿಲಾಗಿ, ಕೆಲಸ ಕೊಡುವ ಒಬ್ಬ ಯಜಮಾನನು ಬೇಕು.

ಬಸವಾದಿ ಶರಣರು ಕಾಯಕವನ್ನೂ ದಾಸೋಹವನ್ನೂ ಬೇರ್ಪಡಿಸಲಿಲ್ಲ. ಗುಣಮುಖನಾದವನಿಗೆ ಬಾಗಿಲ ಹೊರಗೆ ಅನ್ನವಿಕ್ಕಿ ಕಳುಹಿಸುವದು ದಾಸೋಹವಲ್ಲ, ಅದು ಭಿಕ್ಷೆಯೇ ಸರಿ. ಅವನನ್ನು ಪಂಕ್ತಿಯೊಳಗೆ ಕುಳ್ಳಿರಿಸಿ, ಮರುದಿನ ಅವನ ಕಾಯಕದ ಪಾಲನ್ನು ಅವನ ಕೈಯಿಂದಲೇ ಮಠದ ಭಂಡಾರಕ್ಕೆ ಸ್ವೀಕರಿಸುವದೇ ದಾಸೋಹವು. ಗೋಕುಲ ರಸ್ತೆಯಲ್ಲಿ ಕಾರ್ಖಾನೆಗಳನ್ನು ನಡೆಸುವ ಭಕ್ತರು ಅಂಥ ಒಬ್ಬೊಬ್ಬರಿಗೆ ಕೆಲಸವಿತ್ತರೆ ಈ ಮಹೋತ್ಸವವು ಸಾರ್ಥಕವಾಗುವದು.